ನೂರಕ್ಕೆ 81 ಬಂದರೂ ಚಿಂತೆ ಏಕೆ? ಮಿಷಿಗನ್ ಮತದಾರರ ನಿರುತ್ಸಾಹದ ಲೆಕ್ಕ

2024ರ ಫೆಬ್ರುವರಿ 27ರಂದು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಡೆಮಾಕ್ರಟಿಕ್ ಪಕ್ಷದ ಒಳಚುನಾವಣೆ ನಡೆಯಿತು. ಹಾಲಿ ಅಧ್ಯಕ್ಷ ಜೋ ಬೈಡನ್ ಅವರಿಗೆ ನೂರಕ್ಕೆ 81ರಷ್ಟು ಮತ ಬಿದ್ದವು. ನಮ್ಮಲ್ಲಿ ಯಾರಿಗಾದರೂ ಇಷ್ಟು ಮತ ಬಂದರೆ ಎದುರಾಳಿಗಳು ಸಾಮಾನ್ಯವಾಗಿ ಠೇವಣಿ ಕಳೆದುಕೊಂಡಿರುತ್ತಾರೆ, ಎಣಿಕೆ ಕೇಂದ್ರದ ಹೊರಗೆ ಪಟಾಕಿ ಶುರುವಾಗಿರುತ್ತದೆ. ಅಲ್ಲಿ ಮರುದಿನದ ಸುದ್ದಿಯೇ ಬೇರೆ. ಬೈಡನ್ ಗೆದ್ದರು ಎಂಬುದಕ್ಕಿಂತ, ಯಾರ ಹೆಸರಿಗೂ ಬೀಳದೇ ಹೋದ ನೂರಕ್ಕೆ 13ರಷ್ಟು ಮತಗಳ ಬಗ್ಗೆಯೇ ಎಲ್ಲರ ಮಾತು.

ಡೆಟ್ರಾಯ್ಟ್ ಪಕ್ಕದ ಟ್ರಾಯ್ ಊರಿನಲ್ಲಿರುವ ಮಗಳ ಜೊತೆ ಫೋನಿನಲ್ಲಿ ಮಾತಾಡಿ ಮುಗಿಸಿದ ನಮ್ಮ ಅತ್ತೆ ನನ್ನನ್ನು ಕೇಳಿದರು: "ಅಲ್ಲ ಕಣೋ, ಗೆದ್ದೋರೇ ಯಾಕೆ ಹೆದರ್ತಾ ಇದಾರೆ?" ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ಅದಕ್ಕೆ ಉತ್ತರ ಹೇಳಬೇಕಾದರೆ ಆ ಮತಪತ್ರದಿಂದಲೇ ಶುರು ಮಾಡಬೇಕು.

ಮತಪತ್ರದಲ್ಲಿದ್ದ ಆ ಒಂದು ಸಾಲು

ನಮ್ಮ ದೇಶದಲ್ಲಿ ಟಿಕೆಟ್ ಯಾರಿಗೆ ಎಂಬುದನ್ನು ಪಕ್ಷದ ಹೈಕಮಾಂಡ್ ತೀರ್ಮಾನಿಸುತ್ತದೆ. ಅಮೆರಿಕದಲ್ಲಿ ಆ ತೀರ್ಮಾನವನ್ನು ಬಹುಮಟ್ಟಿಗೆ ಜನರೇ ಮತ ಹಾಕಿ ಮಾಡುತ್ತಾರೆ. ಈ ಒಳಚುನಾವಣೆಗೆ ಪ್ರೈಮರಿ ಎಂದು ಹೆಸರು. ನವೆಂಬರ್‌ನಲ್ಲಿ ನಡೆಯುವ ನಿಜವಾದ ಚುನಾವಣೆಗೆ ಮೊದಲು, ಒಂದೊಂದು ರಾಜ್ಯದಲ್ಲಿ ಒಂದೊಂದು ದಿನ ಇದು ನಡೆಯುತ್ತದೆ. ಇಲ್ಲಿ ಬಿದ್ದ ಮತಗಳ ಲೆಕ್ಕದಲ್ಲಿ ಪಕ್ಷದ ಮಹಾಧಿವೇಶನಕ್ಕೆ ಪ್ರತಿನಿಧಿಗಳು ಹೋಗುತ್ತಾರೆ, ಅಲ್ಲಿ ಅಭ್ಯರ್ಥಿಯ ಹೆಸರು ಅಧಿಕೃತವಾಗುತ್ತದೆ. ಹಾಲಿ ಅಧ್ಯಕ್ಷರೇ ಮತ್ತೆ ನಿಂತರೆ ಪ್ರೈಮರಿ ಸಾಮಾನ್ಯವಾಗಿ ಬರೀ ಶಾಸ್ತ್ರ. ದೊಡ್ಡ ಹೆಸರಿನ ಯಾರೂ ಎದುರು ನಿಲ್ಲುವುದಿಲ್ಲ.

ಮಿಷಿಗನ್‌ನಲ್ಲಿ ಮತಯಂತ್ರದ ಗುಂಡಿ ಒತ್ತುವುದಿಲ್ಲ. ಕಾಗದದ ಮೇಲೆ ಹೆಸರುಗಳಿರುತ್ತವೆ, ಪ್ರತಿ ಹೆಸರಿನ ಪಕ್ಕದಲ್ಲಿ ಪುಟ್ಟ ಮೊಟ್ಟೆಯಾಕಾರದ ಖಾಲಿ ಗುರುತು. ಪರೀಕ್ಷೆಯ ಓಎಂಆರ್ ಹಾಳೆಯಲ್ಲಿ ಮಾಡುವಂತೆ ಪೆನ್ನಿನಿಂದ ಅದನ್ನು ತುಂಬಬೇಕು. ಆ ದಿನದ ಹಾಳೆಯಲ್ಲಿ ಬೈಡನ್ ಹೆಸರಿತ್ತು, ಸಂಸದ ಡೀನ್ ಫಿಲಿಪ್ಸ್ ಮತ್ತು ಲೇಖಕಿ ಮರಿಯಾನ್ ವಿಲಿಯಮ್ಸನ್ ಅವರ ಹೆಸರುಗಳಿದ್ದವು. ಜೊತೆಗೆ ವ್ಯಕ್ತಿಯ ಹೆಸರಲ್ಲದ ಒಂದು ಸಾಲು: 'ಅನ್‌ಕಮಿಟೆಡ್'. ಕನ್ನಡದಲ್ಲಿ ಹೇಳುವುದಾದರೆ, 'ನಾನು ಯಾರಿಗೂ ಮಾತು ಕೊಟ್ಟಿಲ್ಲ'.

ಇದನ್ನು ನಮ್ಮ ನೋಟಾ ಅಂದುಕೊಂಡರೆ ಅರ್ಧ ಮಾತ್ರ ಸರಿ. ಸುಪ್ರೀಂ ಕೋರ್ಟ್‌ನ 2013ರ ತೀರ್ಪಿನ ನಂತರ ಬಂದ ನೋಟಾಕ್ಕೆ ಎಷ್ಟೇ ಮತ ಬಿದ್ದರೂ, ಉಳಿದವರಲ್ಲಿ ಹೆಚ್ಚು ಮತ ಪಡೆದವರೇ ಗೆಲ್ಲುತ್ತಾರೆ. 'ಅನ್‌ಕಮಿಟೆಡ್' ಮತಕ್ಕೆ ಹಾಗಲ್ಲ, ಒಂದಿಷ್ಟು ಕೈಕಾಲು ಇದೆ. ರಾಜ್ಯದಲ್ಲೋ ಒಂದು ಸಂಸತ್ ಕ್ಷೇತ್ರದಲ್ಲೋ ಅದು ನೂರಕ್ಕೆ 15 ದಾಟಿದರೆ ಯಾರಿಗೂ ಬದ್ಧರಲ್ಲದ ಪ್ರತಿನಿಧಿಗಳು ಮಹಾಧಿವೇಶನಕ್ಕೆ ಹೋಗಬಹುದು. ಮಿಷಿಗನ್‌ನಿಂದ ಹಾಗೆ ಇಬ್ಬರು ಹೋದರು.

ಆ ಸಾಲಿಗೆ ಬಿದ್ದ ಮತಗಳು 1,01,000ಕ್ಕೂ ಹೆಚ್ಚು. ಗಾಜಾ ಯುದ್ಧದಲ್ಲಿ ಇಸ್ರೇಲ್‌ಗೆ ಬೈಡನ್ ಸರ್ಕಾರ ಕೊಡುತ್ತಿದ್ದ ಬೆಂಬಲವನ್ನು ವಿರೋಧಿಸಿ 'ಲಿಸನ್ ಟು ಮಿಷಿಗನ್' ಎಂಬ ಹೆಸರಿನಲ್ಲಿ ಕೆಲವೇ ವಾರಗಳ ಪ್ರಚಾರ ನಡೆದಿತ್ತು. ಸಂಘಟಕರು ಬಹಿರಂಗವಾಗಿ ಇಟ್ಟುಕೊಂಡಿದ್ದ ಗುರಿ 10,000 ಮತ. ಆ ಸಂಖ್ಯೆಯನ್ನು ಅವರು ಸುಮ್ಮನೆ ಆರಿಸಿರಲಿಲ್ಲ. 2016ರಲ್ಲಿ ಡೊನಾಲ್ಡ್ ಟ್ರಂಪ್ ಮಿಷಿಗನ್ ಗೆದ್ದದ್ದು 10,704 ಮತಗಳಿಂದ.

ಮಿಷಿಗನ್‌ಗೇ ಏಕೆ ಇಷ್ಟು ಬೆಲೆ?

ಅಮೆರಿಕದ ಅಧ್ಯಕ್ಷರನ್ನು ದೇಶದ ಒಟ್ಟು ಮತ ಎಣಿಸಿ ಆರಿಸುವುದಿಲ್ಲ. ಪ್ರತಿ ರಾಜ್ಯಕ್ಕೂ ಇಷ್ಟು ಎಂದು ಎಲೆಕ್ಟರ್‌ಗಳ, ಅಂದರೆ ಅಧ್ಯಕ್ಷರನ್ನು ಆರಿಸುವ ಪ್ರತಿನಿಧಿಗಳ, ಲೆಕ್ಕವಿದೆ. ಒಟ್ಟು 538, ಗೆಲ್ಲಲು 270 ಬೇಕು. ಮೇನ್ ಮತ್ತು ನೆಬ್ರಾಸ್ಕ ಎಂಬ ಎರಡು ರಾಜ್ಯಗಳನ್ನು ಬಿಟ್ಟರೆ ಉಳಿದೆಲ್ಲ ಕಡೆ, ರಾಜ್ಯದಲ್ಲಿ ಒಂದು ಮತ ಹೆಚ್ಚು ಪಡೆದವರಿಗೂ ಅಲ್ಲಿನ ಎಲ್ಲ ಎಲೆಕ್ಟರ್‌ಗಳು ಸಿಗುತ್ತಾರೆ.

ನಮ್ಮ ಲೋಕಸಭಾ ಕ್ಷೇತ್ರ ನೆನೆಸಿಕೊಂಡರೆ ಇದು ಸುಲಭ. ಮೂರು ಲಕ್ಷದ ಅಂತರದಿಂದ ಗೆದ್ದರೂ ಮೂರು ಸಾವಿರದ ಅಂತರದಿಂದ ಗೆದ್ದರೂ ಸಿಗುವುದು ಒಬ್ಬರೇ ಎಂಪಿ. ಆದ್ದರಿಂದ ಖಚಿತವಾಗಿ ಗೆಲ್ಲುವ ಕ್ಷೇತ್ರಕ್ಕೂ ಖಚಿತವಾಗಿ ಸೋಲುವ ಕ್ಷೇತ್ರಕ್ಕೂ ನಾಯಕರು ಹೆಚ್ಚು ಓಡಾಡುವುದಿಲ್ಲ, ಅತ್ತಿತ್ತ ತೂಗುವ ಕ್ಷೇತ್ರಗಳಲ್ಲೇ ಬೆವರು ಹರಿಸುತ್ತಾರೆ. ಅಮೆರಿಕದಲ್ಲಿ ಹಾಗೆ ತೂಗುವ ರಾಜ್ಯಗಳಿಗೆ 'ಸ್ವಿಂಗ್ ಸ್ಟೇಟ್' ಎನ್ನುತ್ತಾರೆ. 2024ರಲ್ಲಿ ಇಂಥವು ಏಳು: ಪೆನ್ಸಿಲ್ವೇನಿಯ, ಮಿಷಿಗನ್, ವಿಸ್ಕಾನ್ಸಿನ್, ಜಾರ್ಜಿಯ, ಉತ್ತರ ಕ್ಯಾರೊಲಿನ, ಅರಿಜೋನ, ನೆವಾಡ. ಇವುಗಳಲ್ಲಿ ಮಿಷಿಗನ್ ಪಾಲು 15 ಎಲೆಕ್ಟರ್‌ಗಳು.

ಕಾರು ಕಾರ್ಖಾನೆಗಳ ಈ ರಾಜ್ಯ ನಮಗೆ ತೀರಾ ದೂರದ್ದಲ್ಲ. ಡೆಟ್ರಾಯ್ಟ್ ಸುತ್ತಲಿನ ಟ್ರಾಯ್, ನೋವೈ, ಕ್ಯಾಂಟನ್‌ಗಳಲ್ಲಿ ಕನ್ನಡದ ಮನೆಗಳಿವೆ, ಅಲ್ಲಿನ ಪಂಪ ಕನ್ನಡ ಕೂಟದ ಹೆಸರನ್ನು ನೀವೂ ಕೇಳಿರಬಹುದು. ಡೆಟ್ರಾಯ್ಟ್ ನಗರದ ಬಹುಭಾಗ ಇರುವ ಕ್ಷೇತ್ರದಿಂದ 2023ರಲ್ಲಿ ಅಮೆರಿಕದ ಸಂಸತ್ತಿಗೆ ಹೋದ ಶ್ರೀ ಥಾನೇದಾರ್ ಬೆಳೆದದ್ದು ಬೆಳಗಾವಿಯಲ್ಲಿ.

ಮನೆಯಲ್ಲೇ ಉಳಿದ ಮತದ ತೂಕ

ನಿರುತ್ಸಾಹ ಎಂದರೆ ವಿರೋಧ ಅಲ್ಲ. ಇಡೀ ವಿಷಯದಲ್ಲಿ ಹೆಚ್ಚು ಜನ ಎಡವುವುದು ಇಲ್ಲೇ.

ಕಳೆದ ಸಲ ನಿಮ್ಮ ಪಕ್ಷಕ್ಕೆ ಮತ ಹಾಕಿದ ಒಬ್ಬರು ಈ ಸಲ ಬೇಸತ್ತಿದ್ದಾರೆ ಅನ್ನಿ. ಅವರ ಮುಂದೆ ನಾಲ್ಕು ದಾರಿಗಳಿವೆ. ಗೊಣಗಿಕೊಂಡೇ ನಿಮಗೆ ಮತ ಹಾಕಬಹುದು. ಮನೆಯಲ್ಲೇ ಉಳಿಯಬಹುದು. ಮತಗಟ್ಟೆಗೆ ಬಂದು ಆ ಒಂದು ಸ್ಥಾನವನ್ನು ಖಾಲಿ ಬಿಡಬಹುದು ಅಥವಾ ಗೆಲ್ಲದ ಸಣ್ಣ ಪಕ್ಷಕ್ಕೆ ಹಾಕಬಹುದು. ಎದುರಾಳಿಗೂ ಹಾಕಬಹುದು. ಎರಡನೆಯದರಲ್ಲೂ ಮೂರನೆಯದರಲ್ಲೂ ನಿಮ್ಮ ಅಂತರ ಒಂದು ಮತದಷ್ಟು ಕರಗುತ್ತದೆ. ಕೊನೆಯದರಲ್ಲಿ ಎರಡು ಮತದಷ್ಟು: ನಿಮ್ಮದರಲ್ಲಿ ಒಂದು ಇಳಿಯುತ್ತದೆ, ಅವರದರಲ್ಲಿ ಒಂದು ಏರುತ್ತದೆ.

ಬೈಡನ್ 2020ರಲ್ಲಿ ಮಿಷಿಗನ್ ಗೆದ್ದದ್ದು 1,54,188 ಮತಗಳಿಂದ. ಆ ಅಂತರವನ್ನು ಅಳಿಸಲು ಸುಮಾರು 77,000 ಜನ ಎದುರು ಪಕ್ಷಕ್ಕೆ ಹೊರಳಿದರೆ ಸಾಕು. ಹೊರಳದೆ ಬರೀ ಮನೆಯಲ್ಲಿ ಕೂತರೆ ಒಂದೂವರೆ ಲಕ್ಷಕ್ಕಿಂತ ಹೆಚ್ಚು ಜನ ಕೂರಬೇಕು. 'ಅನ್‌ಕಮಿಟೆಡ್' ಎಂದ ಒಂದು ಲಕ್ಷ ಜನರೂ ನವೆಂಬರ್‌ನಲ್ಲಿ ಮನೆಯಲ್ಲೇ ಉಳಿದರೂ, ಬೇರೇನೂ ಬದಲಾಗದಿದ್ದರೆ ಬೈಡನ್‌ಗೆ ಐವತ್ತು ಸಾವಿರದ ಮುನ್ನಡೆ ಉಳಿಯುತ್ತಿತ್ತು. ಹಾಗಾಗಿ ಫೆಬ್ರುವರಿಯ ಆ ಸಂಖ್ಯೆ ಸೋಲಿನ ತೀರ್ಪೇನೂ ಆಗಿರಲಿಲ್ಲ. ಆದರೆ ಕೈಯಲ್ಲಿದ್ದ ಗಂಟಿನ ಮೂರನೇ ಎರಡು ಪಾಲು ಸಡಿಲಾಗಿದೆ ಎಂಬ ಎಚ್ಚರಿಕೆಯಂತೂ ಹೌದು.

ಮನೆಯಲ್ಲಿ ಉಳಿದವರು ಚುನಾವಣೆ ಸೋಲಿಸಬಲ್ಲರೇ ಎಂಬ ಅನುಮಾನ ಇದ್ದರೆ 2016ರ ಮಿಷಿಗನ್ ನೋಡಿ. 2012ರಲ್ಲಿ ಬರಾಕ್ ಒಬಾಮ ಅಲ್ಲಿ 25,64,569 ಮತ ಪಡೆದಿದ್ದರು. ನಾಲ್ಕು ವರ್ಷದ ನಂತರ ಅದೇ ಪಕ್ಷದ ಹಿಲರಿ ಕ್ಲಿಂಟನ್ ಪಡೆದದ್ದು 22,68,839. ಹೆಚ್ಚುಕಡಿಮೆ ಮೂರು ಲಕ್ಷ ಕಡಿಮೆ. ಟ್ರಂಪ್‌ಗೆ ತಮ್ಮ ಪಕ್ಷದ ಹಿಂದಿನ ಅಭ್ಯರ್ಥಿ ಮಿಟ್ ರಾಮ್ನಿಗಿಂತ ಹೆಚ್ಚು ಬಂದದ್ದು 1,64,000ದಷ್ಟು ಮಾತ್ರ. ಇಳಿದದ್ದು ಮೂರು ಲಕ್ಷ, ಏರಿದ್ದು ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಗ್ರೀನ್ ಪಕ್ಷದ ಜಿಲ್ ಸ್ಟೈನ್‌ಗೆ 51,463 ಮತ ಬಿದ್ದವು. ಮತಗಟ್ಟೆಗೆ ಬಂದು, ಮತಪತ್ರ ತೆಗೆದುಕೊಂಡು, ಅಧ್ಯಕ್ಷರ ಜಾಗವನ್ನೇ ಖಾಲಿ ಬಿಟ್ಟು ಹೋದವರು 75,000ಕ್ಕೂ ಹೆಚ್ಚು. ಗೆಲುವಿನ ಅಂತರ 10,704 ಎಂಬುದನ್ನು ಪಕ್ಕದಲ್ಲಿಟ್ಟು ಈ ಸಂಖ್ಯೆಗಳನ್ನು ಇನ್ನೊಮ್ಮೆ ಓದಿ.

ಬಾರದ ಮತದ ಬೆಲೆ ಕನ್ನಡಿಗರಿಗೆ ಹೊಸತಲ್ಲ. 2004ರ ವಿಧಾನಸಭಾ ಚುನಾವಣೆಯಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಸೋತವರ ಕಾರಿನ ಚಾಲಕರೇ ಆ ದಿನ ಮತ ಹಾಕಿರಲಿಲ್ಲ ಎಂಬ ಮಾತು ಇವತ್ತಿಗೂ ಪ್ರತಿ ಚುನಾವಣೆಯಲ್ಲಿ ಕೇಳಿಬರುತ್ತದೆ.

ಉತ್ಸಾಹವನ್ನು ಅಳೆಯುವುದು ಹೇಗೆ?

ನಮ್ಮೂರಿನ ಮತದಾನದ ದಿನ ನೆನಪಿಸಿಕೊಳ್ಳಿ. ಮತಗಟ್ಟೆಯಿಂದ 200 ಮೀಟರ್ ಆಚೆ ಒಂದು ಮೇಜು, ಎರಡು ಕುರ್ಚಿ, ಮತದಾರರ ಪಟ್ಟಿ. ಚೀಟಿ ಬರೆದುಕೊಡುವ ಹುಡುಗ ಬಂದುಹೋದವರ ಹೆಸರಿನ ಮುಂದೆ ಗೀಟು ಎಳೆಯುತ್ತಾನೆ. ಮಧ್ಯಾಹ್ನ ಮೂರರ ಹೊತ್ತಿಗೆ ಪಟ್ಟಿ ತಿರುವಿ, "ಮೇಗಳ ಬೀದಿಯೋರು ಅರ್ಧ ಜನ ಬಂದೇ ಇಲ್ಲ, ಹೋಗಿ ಕರ್ಕೊಂಬಾ" ಎಂದು ಯಾರನ್ನೋ ಬೈಕಿನಲ್ಲಿ ಓಡಿಸುತ್ತಾರೆ. ಕರೆಯದೆಯೇ ಬೆಳಿಗ್ಗೆ ಏಳಕ್ಕೆ ಸಾಲಿನಲ್ಲಿ ನಿಂತವರಲ್ಲಿ ಉತ್ಸಾಹ ಇದೆ. ಮೂರು ಸಲ ಕರೆದರೂ ಸ್ನಾನ ಆಗಿಲ್ಲ ಎನ್ನುವವರಲ್ಲಿ ಇಲ್ಲ. ಇಬ್ಬರೂ ನಿಮ್ಮ ಪಕ್ಷದವರೇ ಇರಬಹುದು.

ಅಮೆರಿಕದಲ್ಲೂ ಅಳೆಯುವುದು ಇದನ್ನೇ, ಸಲಕರಣೆ ಬೇರೆ. ಸಮೀಕ್ಷೆ ಮಾಡುವವರು ಯಾರಿಗೆ ಮತ ಎಂದು ಕೇಳಿ ಸುಮ್ಮನಾಗುವುದಿಲ್ಲ, ಈ ಸಲ ಮತ ಹಾಕಲು ಎಷ್ಟು ಉತ್ಸಾಹವಿದೆ, ಖಂಡಿತ ಹಾಕುತ್ತೀರಾ ಎಂದೂ ಕೇಳುತ್ತಾರೆ. ಆದರೆ ಹಾಕುತ್ತೇನೆ ಎಂದು ಹೇಳುವವರು ಯಾವಾಗಲೂ ಹಾಕುವವರಿಗಿಂತ ಹೆಚ್ಚು. ಆದ್ದರಿಂದ ಹಳೆಯ ದಾಖಲೆಯನ್ನೂ ನೋಡುತ್ತಾರೆ. ಯಾರಿಗೆ ಹಾಕಿದರು ಎಂಬುದು ಅಲ್ಲೂ ಗುಟ್ಟು, ಹಾಕಿದರೋ ಇಲ್ಲವೋ ಎಂಬುದು ಗುಟ್ಟಲ್ಲ. ಸತತ ಮೂರು ಚುನಾವಣೆಗೆ ಬಂದವರು ಮತ್ತೆ ಬರುತ್ತಾರೆ ಎಂದು ನಂಬುತ್ತಾರೆ, ಒಮ್ಮೆ ಬಂದು ಒಮ್ಮೆ ತಪ್ಪಿಸುವವರನ್ನು ಅಷ್ಟು ನಂಬುವುದಿಲ್ಲ.

ಹಾಲಿ ಅಧ್ಯಕ್ಷರ ಕೆಲಸ ಮೆಚ್ಚುವವರು ಎಷ್ಟು ಎಂಬ ಅಳತೆಯೂ ಇದೆ. 2024ರ ಫೆಬ್ರುವರಿಯಲ್ಲಿ ಗ್ಯಾಲಪ್ ಸಂಸ್ಥೆಯ ಸಮೀಕ್ಷೆಯಲ್ಲಿ ಬೈಡನ್ ಅವರನ್ನು ಮೆಚ್ಚಿದವರು ನೂರಕ್ಕೆ 38. ಬೆಲೆಯೇರಿಕೆಯ ಸಿಟ್ಟು, 81 ವರ್ಷದ ವಯಸ್ಸಿನ ಬಗ್ಗೆ ಅಳುಕು, ಗಾಜಾ, ಎಲ್ಲವೂ ಅದರಲ್ಲಿ ಕಲಸಿಹೋಗಿದ್ದವು. ಮನೆಮನೆ ಬಾಗಿಲು ತಟ್ಟಲು ಎಷ್ಟು ಸ್ವಯಂಸೇವಕರು ಬಂದರು, ಸಣ್ಣ ಮೊತ್ತದ ದೇಣಿಗೆ ಎಷ್ಟು ಜನರಿಂದ ಬಂತು ಎಂಬುದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಆದರೆ ಇವೆಲ್ಲ ಬಾಯಿಮಾತಿನ ಅಥವಾ ಪಕ್ಕದ ದಾರಿಯ ಅಳತೆಗಳು. ಜನ ಚಳಿಯಲ್ಲಿ ಮನೆ ಬಿಟ್ಟು ಬಂದು ಪೆನ್ನಿನಿಂದ ತುಂಬಿದ ಗುರುತಿಗೆ ನಾನು ಇವಕ್ಕಿಂತ ಹೆಚ್ಚು ತೂಕ ಕೊಡುತ್ತೇನೆ.

ಡಿಯರ್‌ಬಾರ್ನ್‌ನಲ್ಲಿ ಕಂಡದ್ದು

ಸರಾಸರಿ ಸಂಖ್ಯೆ ಎಷ್ಟೋ ಸಲ ವಿಷಯವನ್ನು ಮುಚ್ಚಿಬಿಡುತ್ತದೆ. ರಾಜ್ಯದಲ್ಲಿ ನೂರಕ್ಕೆ 13 ಎಂದರೆ ಎಲ್ಲ ಕಡೆ 13 ಎಂದಲ್ಲ.

ಡೆಟ್ರಾಯ್ಟ್‌ಗೆ ಅಂಟಿಕೊಂಡೇ ಇರುವ ಡಿಯರ್‌ಬಾರ್ನ್ ಫೋರ್ಡ್ ಕಂಪನಿಯ ಊರು. ಕಾರ್ಖಾನೆಯ ಕೆಲಸ ಹುಡುಕಿ ಬಂದ ಲೆಬನಾನ್, ಯೆಮೆನ್, ಇರಾಕ್‌ಗಳ ಕುಟುಂಬಗಳು ತಲೆಮಾರುಗಳಿಂದ ಇಲ್ಲಿವೆ. ವಾರನ್ ಅವೆನ್ಯೂ ಬೀದಿಯಲ್ಲಿ ನಡೆದರೆ ಬೇಕರಿ, ಔಷಧದಂಗಡಿಗಳ ಮೇಲೆ ಅರಬ್ಬಿ ಬರಹ. 2020ರ ಜನಗಣತಿಯಲ್ಲಿ ಊರಿನ ಅರ್ಧಕ್ಕಿಂತ ಹೆಚ್ಚು ಜನ ತಮ್ಮ ಮೂಲ ಮಧ್ಯಪ್ರಾಚ್ಯ ಅಥವಾ ಉತ್ತರ ಆಫ್ರಿಕ ಎಂದು ಬರೆಸಿದ್ದಾರೆ. ಗಾಜಾ ಮತ್ತು ಲೆಬನಾನ್ ಈ ಊರಿನವರಿಗೆ ವಿದೇಶಾಂಗ ನೀತಿಯ ವಿಷಯ ಮಾತ್ರವಲ್ಲ, ಚಿಕ್ಕಪ್ಪ, ಅತ್ತಿಗೆ ಇರುವ ಜಾಗ.

ಫೆಬ್ರುವರಿ 27ರಂದು ಇಲ್ಲಿ 'ಅನ್‌ಕಮಿಟೆಡ್'ಗೆ ಬಿದ್ದದ್ದು ಸುಮಾರು 6,400 ಮತ, ಬೈಡನ್‌ಗೆ ಸುಮಾರು 4,500. ಹಾಲಿ ಅಧ್ಯಕ್ಷರು ತಮ್ಮದೇ ಪಕ್ಷದ ಪ್ರೈಮರಿಯಲ್ಲಿ, ಎದುರು ಒಬ್ಬ ಮನುಷ್ಯನೂ ಇಲ್ಲದ ಒಂದು ಸಾಲಿನ ಮುಂದೆ ಸೋತಿದ್ದರು. ಹತ್ತಿರದ ಪುಟ್ಟ ಊರು ಹ್ಯಾಮ್‌ಟ್ರಾಮಿಕ್‌ನಲ್ಲೂ ಅದೇ ಆಯಿತು. ಅತ್ತ ಆ್ಯನ್ ಆರ್ಬರ್‌ನ ವಿಶ್ವವಿದ್ಯಾಲಯದ ಸುತ್ತ ಈ ಮತ ರಾಜ್ಯದ ಸರಾಸರಿಗಿಂತ ಹೆಚ್ಚಿತ್ತು. ಅಧಿವೇಶನಕ್ಕೆ ಹೋದ ಆ ಇಬ್ಬರು ಪ್ರತಿನಿಧಿಗಳು ಬಂದದ್ದು ಡಿಯರ್‌ಬಾರ್ನ್ ಮತ್ತು ಆ್ಯನ್ ಆರ್ಬರ್ ಇರುವ ಎರಡು ಕ್ಷೇತ್ರಗಳಿಂದ. ಒಂದು ಸಮುದಾಯ ಮತ್ತು ಒಂದು ವಯಸ್ಸಿನ ಗುಂಪು. 2020ರ ಗೆಲುವಿಗೆ ಎರಡೂ ಬೇಕಾಗಿದ್ದವು.

ಸುಳಿವು ಯಾವಾಗ ನಿಜ, ಯಾವಾಗ ಗದ್ದಲ?

ಮೊದಲು ಮಾಮೂಲಿ ಎಷ್ಟು ಎಂದು ಗೊತ್ತಿರಬೇಕು. ಜ್ವರ ಎಷ್ಟು ಎಂದು ಹೇಳಲು ಮೈಯ ಸಹಜ ಬಿಸಿ ಗೊತ್ತಿರಬೇಕಲ್ಲ, ಹಾಗೆ. ಮಿಷಿಗನ್‌ನಲ್ಲಿ ಯಾವ ಪ್ರಚಾರವೂ ಇಲ್ಲದೆ 'ಅನ್‌ಕಮಿಟೆಡ್'ಗೆ 2012, 2016, 2020 ಮೂರೂ ಸಲ ಸುಮಾರು 20,000 ಮತ ಬಿದ್ದಿದ್ದವು. 2012ರಲ್ಲಿ ಒಬಾಮ ಹಾಲಿ ಅಧ್ಯಕ್ಷ. ಆಗ ಮತ ಹಾಕಿದವರೇ ಕಡಿಮೆ ಇದ್ದುದರಿಂದ ಅಷ್ಟೇ ಮತ ನೂರಕ್ಕೆ 10ಕ್ಕಿಂತ ಹೆಚ್ಚಾಗಿತ್ತು. ನವೆಂಬರ್‌ನಲ್ಲಿ ಅವರು ಮಿಷಿಗನ್ ಅನ್ನು ಆರಾಮವಾಗಿ ಗೆದ್ದರು. ಶೇಕಡಾವಾರು ಮಾತ್ರ ನೋಡಿದವರಿಗೆ 2012 ಮತ್ತು 2024 ಒಂದೇ ಥರ ಕಾಣುತ್ತವೆ. ತಲೆ ಎಣಿಸಿದವರಿಗೆ ಐದು ಪಟ್ಟು ವ್ಯತ್ಯಾಸ ಕಾಣುತ್ತದೆ.

ಎರಡನೆಯದು, ಯಾವ ರಾಜ್ಯ ಎಂಬುದು. ಅದೇ 2012ರಲ್ಲಿ ವೆಸ್ಟ್ ವರ್ಜೀನಿಯದ ಪ್ರೈಮರಿಯಲ್ಲಿ ಟೆಕ್ಸಸ್‌ನ ಜೈಲಿನಲ್ಲಿದ್ದ ಒಬ್ಬ ಕೈದಿ ಒಬಾಮ ವಿರುದ್ಧ ನಿಂತು ನೂರಕ್ಕೆ 41 ಮತ ಪಡೆದ. ದೊಡ್ಡ ಸುದ್ದಿಯಾಯಿತು. ಆದರೆ ಆ ರಾಜ್ಯವನ್ನು ಒಬಾಮ 2008ರಲ್ಲೂ ಗೆದ್ದಿರಲಿಲ್ಲ. ಇಲ್ಲದ ಗಂಟು ಕರಗುವುದೆಲ್ಲಿಂದ ಬಂತು?

ಸುಳಿವು ನಿಜವಾದ ಹಳೆಯ ಉದಾಹರಣೆಗಳೂ ಇವೆ. 1968ರಲ್ಲಿ ನ್ಯೂ ಹ್ಯಾಂಪ್‌ಷೈರ್‌ನಲ್ಲಿ ವಿಯೆಟ್ನಾಂ ಯುದ್ಧ ವಿರೋಧಿ ಯೂಜೀನ್ ಮೆಕಾರ್ಥಿ ನೂರಕ್ಕೆ 42 ಮತ ಪಡೆದಾಗ, ಗೆದ್ದಿದ್ದರೂ ಅಧ್ಯಕ್ಷ ಲಿಂಡನ್ ಜಾನ್ಸನ್ ಅದೇ ತಿಂಗಳು ಕಣದಿಂದ ಹಿಂದೆ ಸರಿದರು. 1992ರಲ್ಲಿ ಅಲ್ಲೇ ಪ್ಯಾಟ್ ಬುಕ್ಯಾನನ್ ನೂರಕ್ಕೆ 37ರಷ್ಟು ಪಡೆದರು, ಅಧ್ಯಕ್ಷ ಜಾರ್ಜ್ ಬುಷ್ ನವೆಂಬರ್‌ನಲ್ಲಿ ಸೋತರು.

ಇನ್ನೊಂದು ಸಂಗತಿ ಆಗಿನ ಗದ್ದಲದಲ್ಲಿ ಮರೆಯಾಯಿತು. ಅದೇ ಫೆಬ್ರುವರಿ 27ರಂದು ಮಿಷಿಗನ್‌ನ ರಿಪಬ್ಲಿಕನ್ ಪ್ರೈಮರಿಯಲ್ಲಿ ಟ್ರಂಪ್ ವಿರುದ್ಧ ನಿಕ್ಕಿ ಹೇಲಿ ಸುಮಾರು 2,97,000 ಮತ ಪಡೆದಿದ್ದರು, ನೂರಕ್ಕೆ 27ರಷ್ಟು. 'ಅನ್‌ಕಮಿಟೆಡ್' ಮತದ ಮೂರು ಪಟ್ಟು ಹತ್ತಿರ. ಅಂದರೆ ಅಸಮಾಧಾನದ ಗಾತ್ರ ಟ್ರಂಪ್ ಕಡೆಯೇ ದೊಡ್ಡದಿತ್ತು. ಆದರೆ ಮಿಷಿಗನ್‌ನಲ್ಲಿ ಮತದಾರರು ಪಕ್ಷದ ಹೆಸರಿನಲ್ಲಿ ನೋಂದಾಯಿಸಿಕೊಳ್ಳುವುದಿಲ್ಲ, ಯಾವ ಪಕ್ಷದ ಮತಪತ್ರ ಬೇಕಾದರೂ ಕೇಳಿ ಪಡೆಯಬಹುದು. ಹಾಗಾಗಿ ಹೇಲಿ ಮತದಲ್ಲಿ ಮೊದಲಿಂದಲೂ ಟ್ರಂಪ್‌ಗೆ ಹಾಕದವರೂ ಸೇರಿದ್ದರು. 'ಅನ್‌ಕಮಿಟೆಡ್' ಚಳವಳಿ ಮಾತಾಡಿಸಿದ್ದು 2020ರಲ್ಲಿ ಬೈಡನ್‌ಗೆ ಹಾಕಿದವರನ್ನೇ. ಎಷ್ಟು ಜನ ಎಂಬಷ್ಟೇ ಮುಖ್ಯ, ಯಾರು ಎಂಬುದು.

ನವೆಂಬರ್‌ನಲ್ಲಿ ಏನಾಯಿತು?

ಜುಲೈ 21ರಂದು ಬೈಡನ್ ಕಣದಿಂದ ಸರಿದರು, ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಅಭ್ಯರ್ಥಿಯಾದರು. ಸೆಪ್ಟೆಂಬರ್‌ನಲ್ಲಿ ಆ ಚಳವಳಿಯ ನಾಯಕರು ಹ್ಯಾರಿಸ್‌ಗೆ ಬೆಂಬಲ ಘೋಷಿಸುವುದಿಲ್ಲ, ಟ್ರಂಪ್‌ಗೂ ವಿರೋಧ, ಮೂರನೇ ಪಕ್ಷಕ್ಕೂ ಹಾಕಬೇಡಿ ಎಂದರು. ಅದೇ ತಿಂಗಳು ಹ್ಯಾಮ್‌ಟ್ರಾಮಿಕ್ ಮೇಯರ್ ಆಮೇರ್ ಗಾಲಿಬ್ ಟ್ರಂಪ್ ಪರ ನಿಂತರು. ಚುನಾವಣೆಗೆ ನಾಲ್ಕು ದಿನ ಇರುವಾಗ ಟ್ರಂಪ್ ಡಿಯರ್‌ಬಾರ್ನ್‌ಗೆ ಬಂದುಹೋದರು.

ಟ್ರಂಪ್ ಮಿಷಿಗನ್ ಗೆದ್ದದ್ದು 80,103 ಮತಗಳಿಂದ. 'ಅನ್‌ಕಮಿಟೆಡ್' ಮತ ಒಂದು ಲಕ್ಷ, ಅಂತರ 80 ಸಾವಿರ, ಲೆಕ್ಕ ಮುಗಿಯಿತು ಎಂದು ಆಗ ಹಲವರು ಬರೆದರು. ಅಷ್ಟಕ್ಕೇ ನಿಲ್ಲಿಸಿದರೆ ತಪ್ಪಾಗುತ್ತದೆ. ಬೈಡನ್ 2020ರಲ್ಲಿ ಪಡೆದದ್ದಕ್ಕಿಂತ ಹ್ಯಾರಿಸ್‌ಗೆ 67,507 ಮತ ಕಡಿಮೆ ಬಂದವು. ಟ್ರಂಪ್‌ಗೆ ತಮ್ಮದೇ 2020ರ ಲೆಕ್ಕಕ್ಕಿಂತ 1,66,784 ಹೆಚ್ಚು ಬಂದವು. 2016ಕ್ಕೆ ಇದು ಪೂರ್ತಿ ತಿರುಗುಮುರುಗು. ಆಗ ಒಂದು ಕಡೆಯವರು ಬಾರದೇ ಹೋದದ್ದು ಹೆಚ್ಚು ಕೆಲಸ ಮಾಡಿತ್ತು, ಈ ಸಲ ಇನ್ನೊಂದು ಕಡೆಗೆ ಹೊಸದಾಗಿ ಬಂದದ್ದು. ಹ್ಯಾರಿಸ್ ಕಳೆದುಕೊಂಡ 67,507 ಮತ ಪೂರ್ತಿ ಮರಳಿ ಬಂದಿದ್ದರೂ 80,103ರ ಅಂತರ ತುಂಬುತ್ತಿರಲಿಲ್ಲ. ಟ್ರಂಪ್ ಕಡೆಗೆ ಹೊರಳಿದವರಲ್ಲೂ ಒಂದಿಷ್ಟು ಜನ ಹಿಂದಿರುಗಬೇಕಿತ್ತು.

ಡಿಯರ್‌ಬಾರ್ನ್‌ನಲ್ಲಿ ಮಾತ್ರ ಫೆಬ್ರುವರಿಯ ಸುಳಿವು ಹುಸಿಯಾಗಲಿಲ್ಲ. 2020ರಲ್ಲಿ ಬೈಡನ್‌ಗೆ ಅಲ್ಲಿ ನೂರಕ್ಕೆ ಸುಮಾರು 69 ಮತ ಬಿದ್ದಿದ್ದವು. 2024ರಲ್ಲಿ ಟ್ರಂಪ್‌ಗೆ 42, ಹ್ಯಾರಿಸ್‌ಗೆ 36, ಜಿಲ್ ಸ್ಟೈನ್‌ಗೆ 18.

ಈ ಸಂಖ್ಯೆಗಳನ್ನು ಹೇಳಿದಾಗ ಅತ್ತೆ ಇನ್ನೊಂದು ಕೇಳಿದರು: "ಹಂಗಾದ್ರೆ ಆವತ್ತು ಮಾತು ಕೊಟ್ಟಿಲ್ಲ ಅಂದೋರು ಕೊನೆಗೆ ಯಾರಿಗೆ ಹಾಕಿದ್ರು?" ಅದನ್ನು ಹೆಸರು ಹಿಡಿದು ಹೇಳಲು ಯಾರಿಂದಲೂ ಆಗುವುದಿಲ್ಲ. ಫೆಬ್ರುವರಿಯ ಹಾಳೆಯ ಮೇಲೂ ನವೆಂಬರ್‌ನ ಹಾಳೆಯ ಮೇಲೂ ಮತದಾರರ ಹೆಸರಿಲ್ಲ, ತುಂಬಿದ ಗುರುತು ಮಾತ್ರ ಇದೆ. ಊರಿನ ಒಟ್ಟು ಲೆಕ್ಕದಲ್ಲಿ ಕಾಣುವುದು ಇಷ್ಟು: ಮನೆಯಲ್ಲೇ ಉಳಿಯಬಹುದು ಎಂದು ಎಲ್ಲರೂ ಅಂದುಕೊಂಡಿದ್ದ ಡಿಯರ್‌ಬಾರ್ನ್‌ನವರಲ್ಲಿ ಸಾವಿರಾರು ಜನ ಮತಗಟ್ಟೆಗೆ ಬಂದರು, ಬಂದು ಬೇರೆ ಗುರುತು ತುಂಬಿದರು.